ಹೆದ್ದಾರಿ ಪಕ್ಕದ ಊರಿನವರಿಗೆ ತುರ್ತು ಚಿಕಿತ್ಸೆಯ ತರಬೇತಿ: ಯಾರಿಗೆ, ಏನು, ಎಷ್ಟು?

ನಿಮ್ಮ ಪ್ರಶ್ನೆ ಇಷ್ಟು: ಊರು ರಾಷ್ಟ್ರೀಯ ಹೆದ್ದಾರಿಗೆ ಅಂಟಿಕೊಂಡಿದೆ, ಅಪಘಾತ ತಪ್ಪಿದ್ದಲ್ಲ, ಯುವಕ ಸಂಘದವರಿಗೆ ಎರಡು ದಿನದ ಪ್ರಥಮ ಚಿಕಿತ್ಸೆಯ ಶಿಬಿರ ಮಾಡಿಸಬೇಕೆಂದಿದ್ದೀರಿ. ವೈದ್ಯಕೀಯ ಓದದವರು ಇದನ್ನು ಕಲಿತರೆ ಉಪಯೋಗವಿದೆಯೇ, ಅಥವಾ ಇದ್ದದ್ದನ್ನೂ ಕೆಡಿಸುತ್ತಾರೆಯೇ? ಹಲವು ವರ್ಷ ಆಂಬುಲೆನ್ಸ್‌ನಲ್ಲಿ ದುಡಿದು, ಈಗ ಇಂಥದ್ದೇ ತರಬೇತಿ ಕೊಡುತ್ತಿರುವವನು ನಾನು.

ಉಪಯೋಗ ಖಂಡಿತ ಇದೆ. ಉತ್ತರ ಇರಾಕ್ ಮತ್ತು ಕಾಂಬೋಡಿಯಾದಲ್ಲಿ ನೆಲಬಾಂಬುಗಳ ನಡುವೆ ಬದುಕುತ್ತಿದ್ದ ಹಳ್ಳಿಗಳಲ್ಲಿ 1997ರಿಂದ 2001ರ ಅವಧಿಯಲ್ಲಿ ಸುಮಾರು 5,200 ಸಾಮಾನ್ಯ ಜನರಿಗೂ ಅವರ ಬೆನ್ನಿಗೆ 135 ಮಂದಿ ಅರೆವೈದ್ಯಕೀಯ ಸಿಬ್ಬಂದಿಗೂ ತರಬೇತಿ ಕೊಟ್ಟರು. ಶೇ 40ರಷ್ಟಿದ್ದ ಗಾಯಾಳುಗಳ ಸಾವಿನ ಪ್ರಮಾಣ ಶೇ 15ರ ಆಸುಪಾಸಿಗೆ ಇಳಿಯಿತು. ಘಾನಾದಲ್ಲಿ 335 ಬಾಡಿಗೆ ವಾಹನಗಳ ಚಾಲಕರಿಗೆ ಕೇವಲ ಆರು ಗಂಟೆಯ ಪಾಠ ಮಾಡಿದ್ದರು. ಸುಮಾರು ಹತ್ತು ತಿಂಗಳ ನಂತರ ಅವರಲ್ಲಿ ಕೆಲವರನ್ನು ಮಾತನಾಡಿಸಿದಾಗ, ಹತ್ತರಲ್ಲಿ ಆರು ಮಂದಿ ಆ ವೇಳೆಗಾಗಲೇ ಯಾರಿಗೋ ಪ್ರಥಮ ಚಿಕಿತ್ಸೆ ಮಾಡಿದ್ದರು.

ಘಾನಾದವರು ಚಾಲಕರನ್ನೇ ಆರಿಸಿಕೊಂಡದ್ದು ಏಕೆಂದರೆ, ತರಬೇತಿ ಇರಲಿ ಬಿಡಲಿ, ಗಾಯಾಳುಗಳನ್ನು ಆಸ್ಪತ್ರೆಗೆ ಸಾಗಿಸುತ್ತಿದ್ದವರು ಅವರೇ. ನಿಮ್ಮ ಯುವಕ ಸಂಘದ ಬಗ್ಗೆ ನನಗಿರುವ ತಕರಾರು ಇದೇ. ಹುಡುಗರು ಒಳ್ಳೆಯವರು, ಹುರುಪಿದೆ, ಟೀ ಶರ್ಟ್ ಕೂಡ ಮಾಡಿಸುತ್ತಾರೆ. ಆದರೆ ಮಂಗಳವಾರ ಮಧ್ಯಾಹ್ನ ಲಾರಿಗೆ ಬೈಕ್ ಗುದ್ದಿದಾಗ ಅವರಲ್ಲಿ ಅರ್ಧದಷ್ಟು ಮಂದಿ ಕಾಲೇಜಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ರಸ್ತೆಯ ಮೇಲೆ ಸದಾ ಇರುವವರು ಪಂಕ್ಚರ್ ಅಂಗಡಿಯವನು, ಚಹಾದಂಗಡಿಯ ದಂಪತಿ, ಪೆಟ್ರೋಲ್ ಬಂಕ್‌ನ ರಾತ್ರಿ ಪಾಳಿಯ ಹುಡುಗ, ಆಟೊ ನಿಲ್ದಾಣದವರು, ಸಂಜೆ ಬಜ್ಜಿ ಗಾಡಿ ಹಾಕುವ ಹೆಂಗಸು. ಮೊದಲು ಅವರನ್ನು ಕೂರಿಸಿ. ಅಂಗಡಿ ಮುಚ್ಚಿ ಬರಲು ಅವರಿಗೆ ಆಗುವುದಿಲ್ಲ, ಆದ್ದರಿಂದ ಶಿಬಿರವನ್ನು ಸಮುದಾಯ ಭವನದಲ್ಲಿ ಇಡಬೇಡಿ, ಅವರ ಅಂಗಡಿಯ ಮುಂದೆಯೇ ಇಡಿ. ಎರಡು ದಿನದ ಭಾಷಣಕ್ಕಿಂತ ಒಂದು ದಿನದ ಕೈಕೆಲಸ ಮೇಲು. ಆಮೇಲೆ ಮೂರು ತಿಂಗಳಿಗೊಮ್ಮೆ ಅರ್ಧ ಗಂಟೆ ಅದನ್ನೇ ಮತ್ತೆ ಮಾಡಿಸಿ. ಇಲ್ಲದಿದ್ದರೆ ಗೋಡೆಯ ಮೇಲೆ ಪ್ರಮಾಣಪತ್ರ ಉಳಿಯುತ್ತದೆ, ಕೈಗೆ ಮರೆತುಹೋಗುತ್ತದೆ.

ಕಲಿಸುವುದಕ್ಕಿಂತ ಬಿಡಿಸುವುದು ಕಷ್ಟ. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಬಿಡುವುದನ್ನೇ ನೋಡಿ. ಅದು ಅಜ್ಞಾನವಲ್ಲ, ಕರುಣೆ. ಪ್ರಾಣ ಹೋಗುವವನ ಬಾಯಿಗೆ ನೀರು ಬಿಡಬೇಕೆಂಬ ಸಂಸ್ಕಾರ ನಮ್ಮದು. ಆದರೆ ಆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಗಾಯಕ್ಕೆ ಕಾಫಿಪುಡಿ, ಮೂರ್ಛೆ ಬಂದವರ ಮುಷ್ಟಿಗೆ ಬೀಗದ ಕೈ, ಹಾವು ಕಚ್ಚಿದ ಕಾಲಿಗೆ ಬಿಗಿಯಾದ ಹಗ್ಗ, ಇವೆಲ್ಲ ಇದೇ ಸಾಲಿನವು. ಎಲ್ಲಕ್ಕಿಂತ ಕೆಟ್ಟದ್ದು ಇಬ್ಬರು ಕೈ ಹಿಡಿದು, ಇಬ್ಬರು ಕಾಲು ಹಿಡಿದು ಗಾಯಾಳುವನ್ನು ಆಟೊದೊಳಗೆ ತುರುಕುವುದು. ಕತ್ತಿನ ಮೂಳೆ ಮುರಿದಿದ್ದರೆ ಆ ಒಂದು ಎಳೆತದಲ್ಲಿ ಅವನು ಜೀವನವಿಡೀ ಹಾಸಿಗೆ ಹಿಡಿಯಬಹುದು. ಬೆಂಕಿಯ ಭಯವಿಲ್ಲದಿದ್ದರೆ, ಹಿಂದಿನ ವಾಹನಗಳನ್ನು ತಡೆಯಲು ಜನರಿದ್ದರೆ, ಅವನನ್ನು ಅಲ್ಲೇ ಬಿಡುವುದು ಒಳ್ಳೆಯದು. ಎತ್ತಲೇಬೇಕಾದರೆ ಒಬ್ಬ ತಲೆಯ ಹತ್ತಿರ ಮಂಡಿಯೂರಿ ಎರಡೂ ಕೈಯಿಂದ ತಲೆಯನ್ನು ಅಲುಗದಂತೆ ಹಿಡಿಯಬೇಕು. ಎಣಿಕೆ ಹೇಳುವವನೂ ಅವನೇ. ಉಳಿದವರು ಅವನ ಮಾತಿಗೆ ದೇಹವನ್ನು ಒಂದೇ ಮರದ ದಿಮ್ಮಿಯಂತೆ ಹೊರಳಿಸಬೇಕು. ಗುಂಪಿನಲ್ಲಿ ಎಲ್ಲರೂ ಯಜಮಾನರೇ ಆಗುವ ನಮ್ಮ ಊರುಗಳಲ್ಲಿ ಈ ಶಿಸ್ತು ಬರುವುದಕ್ಕೇ ಅರ್ಧ ದಿನ ಬೇಕು.

ಕಲಿಸಬೇಕಾದದ್ದರಲ್ಲಿ ಮೊದಲನೆಯದು ರಕ್ತ ನಿಲ್ಲಿಸುವುದು. ಹೆಗಲ ಮೇಲಿನ ಟವೆಲ್ ಸಾಕು. ಮಡಚಿ, ರಕ್ತ ಚಿಮ್ಮುತ್ತಿರುವ ಜಾಗದ ಮೇಲೇ ಇಟ್ಟು, ಮೊಣಕೈ ನೆಟ್ಟಗೆ ಮಾಡಿ, ಮೈಭಾರ ಹಾಕಿ ಒತ್ತಬೇಕು. ಜನ ಎಡವುವುದು ಇಲ್ಲೇ: ನಿಂತಿತೇ ಎಂದು ಅರ್ಧ ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನೋಡುತ್ತಾರೆ, ಹೆಪ್ಪುಗಟ್ಟುತ್ತಿದ್ದದ್ದು ಕಿತ್ತುಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೆ ಇನ್ನೊಂದನ್ನು ಇಡಿ, ಕೆಳಗಿನದನ್ನು ತೆಗೆಯಬೇಡಿ. ನನ್ನ ತರಗತಿಗಳಲ್ಲಿ ದಿಂಬೊಂದನ್ನು ಕೊಟ್ಟು, ಗಡಿಯಾರ ನೋಡುತ್ತಾ ಹತ್ತು ನಿಮಿಷ ಒತ್ತಿ ಹಿಡಿಯಲು ಹೇಳುತ್ತೇನೆ. ಮೂರನೆಯ ನಿಮಿಷಕ್ಕೇ ಕೈ ನಡುಗತೊಡಗುತ್ತದೆ. ಹತ್ತು ನಿಮಿಷವೆಂದರೆ ಎಷ್ಟು ಉದ್ದ ಎಂಬುದು ಆಗ ತಿಳಿಯುತ್ತದೆ. ಒತ್ತಡಕ್ಕೂ ಜಗ್ಗದ ಕೈಕಾಲಿನ ರಕ್ತಸ್ರಾವಕ್ಕೆ ಟೂರ್ನಿಕೆಟ್ (ಗಾಯದ ಮೇಲ್ಭಾಗದಲ್ಲಿ ಬಿಗಿದು ರಕ್ತ ತಡೆಯುವ ಪಟ್ಟಿ) ಇದೆ, ಅದನ್ನು ತರಬೇತುದಾರರ ಕಣ್ಣೆದುರೇ ಕಲಿಯಿರಿ.

ಎರಡನೆಯದು ಇನ್ನೂ ಸುಲಭ. ಉಸಿರಿದೆ, ಆದರೆ ಎಚ್ಚರವಿಲ್ಲ. ಅಂಗಾತ ಮಲಗಿಸಿದರೆ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತದೆ, ವಾಂತಿಯಾದರೆ ಉಸಿರಿನ ದಾರಿಗೇ ಹೋಗುತ್ತದೆ. ತಲೆ, ಬೆನ್ನು ಒಂದೇ ನೇರದಲ್ಲಿರುವಂತೆ ಹಿಡಿದು ಮಗ್ಗುಲಿಗೆ ಹೊರಳಿಸಿ, ಉಸಿರನ್ನು ಗಮನಿಸುತ್ತಾ ಪಕ್ಕದಲ್ಲಿ ಕುಳಿತಿರಬೇಕು, ಅಷ್ಟೇ.

ಪುನೀತ್ ರಾಜ್‌ಕುಮಾರ್ 2021ರಲ್ಲಿ ತೀರಿಕೊಂಡ ಮೇಲೆ ಎಲ್ಲರೂ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಬದುಕಿಸುವ ಪ್ರಯತ್ನ, ಕಲಿಸಿ ಎನ್ನುತ್ತಾರೆ. ಕಲಿಸಿ, ಬೇಡವೆನ್ನುವುದಿಲ್ಲ. ಆದರೆ ಅದು ಹೆಚ್ಚು ಫಲ ಕೊಡುವುದು ಜಾತ್ರೆಯಲ್ಲೋ ಮನೆಯಲ್ಲೋ ಹೃದಯ ಸ್ತಂಭಿಸಿ ಕುಸಿದವರಿಗೆ. ರಕ್ತ ಬಸಿದುಹೋಗಿ ಹೃದಯ ನಿಂತ ಅಪಘಾತದ ಗಾಯಾಳುವಿಗೆ ಕಡಿಮೆ. ಎದೆಯ ನಡುವೆ ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ಮೂವತ್ತರವರೆಗೆ ಎಣಿಸುವಾಗ ಹನ್ನೊಂದು, ಹನ್ನೆರಡು ದಾಟಿದ ಮೇಲೆ ನಾಲಿಗೆಯ ಜೊತೆ ಕೈಯೂ ನಿಧಾನವಾಗುತ್ತದೆ. ಹತ್ತರವರೆಗೆ ಮೂರು ಸಲ ಎಣಿಸಲು ಹೇಳಿಕೊಡಿ.

ಪೊಲೀಸ್, ಕೋರ್ಟ್ ಎಂಬ ಭಯವನ್ನು ಪಾಠದಲ್ಲೇ ತೆಗೆಯಬೇಕು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಸೇರಿಸಿದ 134ಎ ಕಲಮಿನ ಪ್ರಕಾರ, ಸದುದ್ದೇಶದಿಂದ, ಪ್ರತಿಫಲ ಬಯಸದೆ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ. ಹೆಸರು ಹೇಳಲೇಬೇಕೆಂಬ ಬಲವಂತವೂ ಇಲ್ಲ. ಕರ್ನಾಟಕಕ್ಕೆ ಇದೇ ವಿಷಯದ ಮೇಲೆ ತನ್ನದೇ ಕಾಯ್ದೆಯೂ ಇದೆ. ಇದನ್ನು ನೀವು ಹೇಳಿದರೆ ಯಾರೂ ನಂಬುವುದಿಲ್ಲ. ಸ್ಥಳೀಯ ಠಾಣೆಯ ಸಬ್‌ಇನ್‌ಸ್ಪೆಕ್ಟರ್‌ ಅವರನ್ನೇ ಕರೆದು ಎಲ್ಲರೆದುರು ಹೇಳಿಸಿ.

ಕಲಿಸುವವರಿಗಾಗಿ ರೆಡ್ ಕ್ರಾಸ್‌ನ ಜಿಲ್ಲಾ ಶಾಖೆ, ಸೇಂಟ್ ಜಾನ್ ಆಂಬುಲೆನ್ಸ್ ಅಥವಾ ಹತ್ತಿರದ ವೈದ್ಯಕೀಯ ಕಾಲೇಜಿನ ತುರ್ತು ಚಿಕಿತ್ಸಾ ವಿಭಾಗವನ್ನು ಕೇಳಿ. ಕೈಗವಸು, ಗಾಜ್, ಸುತ್ತುಪಟ್ಟಿ, ಕತ್ತರಿ, ಟಾರ್ಚ್ ಇರುವ ಪೆಟ್ಟಿಗೆ ಚಹಾದಂಗಡಿಯಲ್ಲಿರಲಿ. ಪಂಚಾಯಿತಿ ಕಚೇರಿಯ ಬೀರುವಿನಲ್ಲಿಟ್ಟರೆ ಕೀಲಿ ಹಿಡಿದವರು ಅಂದೇ ಮದುವೆಗೆ ಹೋಗಿರುತ್ತಾರೆ.

ಕೊನೆಯದಾಗಿ, 108 ಅಥವಾ 112ಕ್ಕೆ ಕರೆ ಮಾಡುವುದನ್ನೂ ಅಭ್ಯಾಸ ಮಾಡಿಸಿ. ‘ಸೇತುವೆ ಹತ್ತಿರ ಬೇಗ ಬನ್ನಿ’ ಎಂದು ಕಿರುಚಿ ಫೋನ್ ಇಡುವವರೇ ಹೆಚ್ಚು. ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ, ವಾಹನ ಯಾವ ಊರಿನ ಕಡೆಗೆ ಹೋಗುವ ಬದಿಯಲ್ಲಿದೆ, ಎಷ್ಟು ಜನರಿಗೆ ಗಾಯವಾಗಿದೆ, ಇಷ್ಟನ್ನು ಹೇಳಲೇಬೇಕು. ರಸ್ತೆ ವಿಭಜಕವಿರುವ ಹೆದ್ದಾರಿಯಲ್ಲಿ ಬದಿ ತಪ್ಪಿದರೆ ಆಂಬುಲೆನ್ಸ್ ಮುಂದಿನ ತಿರುವಿನವರೆಗೆ ಹೋಗಿ ಮತ್ತೆ ಬರಬೇಕಾಗುತ್ತದೆ.