ಮೊದಲ ಪಂದ್ಯ, ಎಂಟು ಗೋಲು

ನಿಮ್ಮ ಪತ್ರ ಓದಿ ಖುಷಿಯಾಯಿತು. ಕಳೆದ ಸಂಚಿಕೆಯ ಆಟದ ಪುಟದಲ್ಲಿ ಒಂದು ಸಣ್ಣ ತುಣುಕು ಹಾಕಿದ್ದೆವು. 1930ರಲ್ಲಿ ಸ್ಕಾಟ್ಲೆಂಡಿನ ಜಿಮ್ ಡೈಯೆಟ್ ಎಂಬ ಫುಟ್‌ಬಾಲ್ ಆಟಗಾರ ತನ್ನ ಮೊದಲ ಪಂದ್ಯದಲ್ಲೇ 8 ಗೋಲು ಹೊಡೆದ ಎಂದು. ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಅದು 3 ಆಗಬೇಕಿದ್ದದ್ದು ಅಚ್ಚಿನಲ್ಲಿ 8 ಆಯಿತಾ? ನಿಜವೇ ಆದರೂ ಎದುರಿಗಿದ್ದದ್ದು ಲೆಕ್ಕಕ್ಕಿಲ್ಲದ ತಂಡ ತಾನೇ? ಅವನು ಆಡಿದ ಕ್ಲಬ್ಬಿನ ಹೆಸರನ್ನು ನಾವ್ಯಾರೂ ಕೇಳೇ ಇಲ್ಲವಲ್ಲ, ಏಕೆ?

ಅಚ್ಚಿನ ತಪ್ಪಲ್ಲ. 8 ಎಂದರೆ ಎಂಟೇ.

ಅವತ್ತು 1930ರ ಜನವರಿ 2, ಗುರುವಾರ. ಸ್ಕಾಟ್ಲೆಂಡಿನಲ್ಲಿ ಹೊಸವರ್ಷದ ದಿನಗಳೆಂದರೆ ಫುಟ್‌ಬಾಲ್ ದಿನಗಳು. ಬಂಡೆಯ ಮೇಲೆ ಕೋಟೆ ಇರುವ ಸ್ಟರ್ಲಿಂಗ್ ಊರಿನ ಕಿಂಗ್ಸ್ ಪಾರ್ಕ್ ತಂಡಕ್ಕೆ ಫೋರ್ಫರ್ ಅಥ್ಲೆಟಿಕ್ ಎದುರಾಳಿ. ಲೀಗಿನ ಎರಡನೇ ಡಿವಿಷನ್, ಅಂದರೆ ಎರಡನೇ ದರ್ಜೆಯ, ಪಂದ್ಯ. ಕಿಂಗ್ಸ್ ಪಾರ್ಕ್ 12–2ರಿಂದ ಗೆದ್ದಿತು. ಆ ಹನ್ನೆರಡರಲ್ಲಿ ಎಂಟು ಡೈಯೆಟ್‌ನದು. ಉಳಿದವರೆಲ್ಲ ಸೇರಿ ಹೊಡೆದದ್ದು ನಾಲ್ಕು. ಲೆಕ್ಕ ಹಾಕಿ ನೋಡಿ, 90 ನಿಮಿಷದಲ್ಲಿ ಹೆಚ್ಚುಕಡಿಮೆ 11 ನಿಮಿಷಕ್ಕೊಂದು ಗೋಲು. ಅದೂ ಜೊತೆಗಾರರ ಆಟ ಇನ್ನೂ ಸರಿಯಾಗಿ ಗೊತ್ತಿಲ್ಲದ ದಿನ! ಯಾರು ಯಾವ ಕಡೆಗೆ ಪಾಸ್ ಕೊಡುತ್ತಾರೆ, ಮೈದಾನದ ಬದಿಯಿಂದ ಯಾರು ಒದ್ದ ಚೆಂಡು ಎಷ್ಟು ಎತ್ತರ ಬರುತ್ತದೆ ಎಂದು ತಿಳಿಯುವುದಕ್ಕೇ ಹೊಸಬರಿಗೆ ನಾಲ್ಕಾರು ಪಂದ್ಯ ಬೇಕು.

ಎರಡನೇ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಉತ್ತರಿಸಬೇಕು. ನೀವು 1885ರ ಪಂದ್ಯವನ್ನು ನೆನಪಿಸಿದ್ದೀರಿ. ಆರ್ಬ್ರೋತ್ ತಂಡ ಬಾನ್ ಅಕಾರ್ಡ್ ತಂಡವನ್ನು 36–0ರಿಂದ ಸೋಲಿಸಿತು, ಜಾನ್ ಪೆಟ್ರಿ ಒಬ್ಬನೇ 13 ಗೋಲು ಹೊಡೆದ. ನಿಜ. ಆದರೆ ಅದು ಕಪ್ ಪಂದ್ಯ. ಕಪ್‌ನಲ್ಲಿ ಬಲದ ಲೆಕ್ಕವಿಲ್ಲದೆ ಯಾರಿಗೆ ಯಾರಾದರೂ ಎದುರಾಗಬಹುದು. ಫೋರ್ಫರ್ ಹಾಗಲ್ಲ. ಅದು ಕಿಂಗ್ಸ್ ಪಾರ್ಕ್ ಆಡುತ್ತಿದ್ದ ಡಿವಿಷನ್ನಿನಲ್ಲೇ ಆಡುತ್ತಿದ್ದ ತಂಡ, 1885ರಲ್ಲಿ ಶುರುವಾದ ಕ್ಲಬ್, ಇವತ್ತಿಗೂ ಆಡುತ್ತಿದೆ. ಒಂದು ಕೆಟ್ಟ ದಿನ ನೋಡಿ ಅದನ್ನು ಲೆಕ್ಕಕ್ಕಿಲ್ಲದ ತಂಡ ಅನ್ನುವುದು ಸರಿಯಲ್ಲ.

ಆ ಕಾಲವೇ ಗೋಲುಗಳ ಕಾಲವಾಗಿತ್ತು ಎಂದು ಹೇಳಿದ್ದರೆ ನಾನು ಒಪ್ಪುತ್ತಿದ್ದೆ. 1925ರಲ್ಲಿ ಆಫ್‌ಸೈಡ್ ನಿಯಮ ಬದಲಾಯಿತು. ಮೊದಲು, ಪಾಸ್ ಬರುವ ಹೊತ್ತಿಗೆ ಮುಂದಿರುವ ಆಟಗಾರನಿಗೂ ಗೋಲಿನ ಗೆರೆಗೂ ಮಧ್ಯೆ ಎದುರಾಳಿಗಳು ಮೂವರಾದರೂ ಇರಬೇಕಿತ್ತು; ಇಲ್ಲದಿದ್ದರೆ ಆಫ್‌ಸೈಡ್ ಎಂದು ಆಟ ನಿಲ್ಲುತ್ತಿತ್ತು. ಆಮೇಲೆ ಇಬ್ಬರು ಸಾಕು ಎಂದಾಯಿತು. ಕೇಳಲು ಸಣ್ಣ ಬದಲಾವಣೆ. ಆದರೆ ಆ ಇಬ್ಬರಲ್ಲಿ ಒಬ್ಬ ಗೋಲ್‌ಕೀಪರ್. ಅಂದರೆ ಗೋಲ್‌ಕೀಪರ್ ಬಿಟ್ಟು ಒಬ್ಬನೇ ಡಿಫೆಂಡರ್ (ರಕ್ಷಣೆಯ ಆಟಗಾರ) ಎದುರಿಗಿದ್ದರೂ ಮುಂದಿನ ಸಾಲಿನವನು ನಿಂತು ಕಾಯಬಹುದು. ಒಬ್ಬ ಡಿಫೆಂಡರ್ ಸುಮ್ನೆ ಎರಡು ಹೆಜ್ಜೆ ಮುಂದೆ ಬಂದು ಎದುರಾಳಿಯನ್ನು ಆಫ್‌ಸೈಡ್‌ಗೆ ಸಿಕ್ಕಿಸಿ ಆಟ ನಿಲ್ಲಿಸುತ್ತಿದ್ದ ಹಳೆಯ ಉಪಾಯ ಮೊದಲಿನಷ್ಟು ಸುಲಭವಾಗಿ ಉಳಿಯಲಿಲ್ಲ. ನಡುವಿನ ಆಟಗಾರನನ್ನು ಹಿಂದಕ್ಕೆ ಎಳೆದು ರಕ್ಷಣೆಗೆ ನಿಲ್ಲಿಸುವುದನ್ನು ತಂಡಗಳು ಕಲಿಯುವುದಕ್ಕೆ ಸಮಯ ಹಿಡಿಯಿತು. ಅಷ್ಟರಲ್ಲಿ ಗೋಲುಗಳ ಸುರಿಮಳೆ. 1927–28ರಲ್ಲಿ ಅದೇ ಎರಡನೇ ಡಿವಿಷನ್ನಿನಲ್ಲಿ ಏರ್ ಯುನೈಟೆಡ್‌ನ ಜಿಮ್ಮಿ ಸ್ಮಿತ್ 66 ಗೋಲು ಹೊಡೆದ. ಅದೇ ಸೀಸನ್ನಿನಲ್ಲಿ ಇಂಗ್ಲೆಂಡಿನ ಡಿಕ್ಸಿ ಡೀನ್ 60 ಹೊಡೆದ. 1928ರ ಜನವರಿಯಲ್ಲಿ ಸೆಲ್ಟಿಕ್‌ನ ಜಿಮ್ಮಿ ಮೆಕ್‌ಗ್ರೋರಿ ಡನ್‌ಫರ್ಮ್‌ಲೈನ್ ವಿರುದ್ಧ ಒಂದೇ ಪಂದ್ಯದಲ್ಲಿ 8 ಗೋಲು ಹೊಡೆದ.

ಹಾಗಂತ ಡೈಯೆಟ್‌ನ ಎಂಟನ್ನು ಕಾಲದ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಆ ನಿಯಮ ಎಲ್ಲರಿಗೂ ಒಂದೇ ಇತ್ತಲ್ಲ. ಮೆಕ್‌ಗ್ರೋರಿ ಆ ದಿನಕ್ಕೆ ವರ್ಷಗಟ್ಟಲೆ ಆಡಿ ಪಳಗಿದ್ದವನು. ಡೈಯೆಟ್‌ಗೆ ಅದು ಮೊದಲ ದಿನ. ನನಗೆ ಜಾಸ್ತಿ ಇಷ್ಟವಾಗುವುದೂ ಅದೇ. ನಾಲ್ಕು ಗೋಲಾದ ಮೇಲೆ ‘ಇವತ್ತಿಗೆ ಸಾಕು’ ಎಂದು ಯಾರಿಗಾದರೂ ಅನ್ನಿಸಬಹುದಿತ್ತು. ಅವನು ಅಲ್ಲಿಂದ ಮುಂದೆ ಇನ್ನೂ ನಾಲ್ಕು ಹೊಡೆದ.

ಇನ್ನು ಕ್ಲಬ್ಬಿನ ಮಾತು. ಕಿಂಗ್ಸ್ ಪಾರ್ಕ್ 1875ರಲ್ಲಿ ಹುಟ್ಟಿದ ಕ್ಲಬ್. ಅದರ ಹೆಸರು ನೀವು ಕೇಳಿರದಿದ್ದರೆ ಅದಕ್ಕೆ ಕಾರಣ ಯುದ್ಧ. 1940ರ ಜುಲೈನಲ್ಲಿ ಜರ್ಮನ್ ವಿಮಾನವೊಂದು ಹಾಕಿದ ಬಾಂಬ್ ಅವರ ಫೋರ್ತ್‌ಬ್ಯಾಂಕ್ ಮೈದಾನದ ಮೇಲೆ ಬಿತ್ತು. ಯುದ್ಧ ಮುಗಿದ ಮೇಲೆ ಆ ಕ್ಲಬ್ ಲೀಗಿಗೆ ವಾಪಸ್ ಬರಲೇ ಇಲ್ಲ. ಆದರೆ ಊರಿಗೆ ಫುಟ್‌ಬಾಲ್ ಬೇಕಿತ್ತು. 1945ರಲ್ಲಿ ಟಾಮ್ ಫರ್ಗುಸನ್ ಎಂಬ ಕಲ್ಲಿದ್ದಲು ವ್ಯಾಪಾರಿ ಮುಂದೆ ನಿಂತು ಸ್ಟರ್ಲಿಂಗ್ ಆಲ್ಬಿಯನ್ ಕ್ಲಬ್ ಕಟ್ಟಿದ. ಆ್ಯನ್‌ಫೀಲ್ಡ್ ಎಂಬ ಜಾಗದಲ್ಲಿ ಮೈದಾನ. ಶುರುವಿನಲ್ಲಿ ಕೂತು ಆಟ ನೋಡುವುದಕ್ಕೆ ಲಾರಿಗಳನ್ನೇ ನಿಲ್ಲಿಸಿದ್ದರಂತೆ.

ಅದೇ ಆ್ಯನ್‌ಫೀಲ್ಡ್‌ನಲ್ಲಿ 1984ರ ಡಿಸೆಂಬರ್ 8ರಂದು, ಕಪ್ ಪಂದ್ಯವೊಂದರಲ್ಲಿ, ಆಲ್ಬಿಯನ್ ತಂಡ ಸೆಲ್ಕರ್ಕ್ ಮೇಲೆ 20–0ರಿಂದ ಗೆದ್ದಿತು. ಡೇವಿಡ್ ಥಾಮ್ಸನ್ ಎಂಬವನು ಒಬ್ಬನೇ 7 ಹೊಡೆದ. ಇಪ್ಪತ್ತು ಗೋಲಿನ ಆ ದಿನವೂ ಸ್ಟರ್ಲಿಂಗ್‌ನಲ್ಲಿ ಡೈಯೆಟ್‌ನ ಎಂಟನ್ನು ಮುಟ್ಟಲು ಯಾರಿಗೂ ಆಗಲಿಲ್ಲ.

– ಸಂಪಾದಕ