ತರಕಾರಿ ಗಾಡಿ ಎಬ್ಬಿಸಿದರೆ ಸಾಕೇ?

ಜಯನಗರದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ತಾಯಿಗೆ 74 ವರ್ಷ. ದೇವಸ್ಥಾನಕ್ಕೆ ಹೋಗಲು ಫುಟ್‌ಪಾತ್ ಇದ್ದರೂ ರಸ್ತೆಯಲ್ಲೇ ನಡೆಯಬೇಕು. ತರಕಾರಿಯವರು, ಹೂವಿನವರು ಜಾಗವನ್ನೆಲ್ಲ ಹಿಡಿದಿದ್ದಾರೆ. ಇವರನ್ನು ಎಬ್ಬಿಸಲು ಕಾನೂನೇ ಇಲ್ಲವೇ?"

ಕಾನೂನು ಇದೆ ಮೇಡಂ. ಆದರೆ ಬೆಳಗ್ಗೆ ಲಾರಿ ತಂದು ಎಲ್ಲ ತುಂಬಿಕೊಂಡು ಹೋಗೋದಕ್ಕಲ್ಲ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಮೊದಲು ಸಮೀಕ್ಷೆ ಆಗಬೇಕು, ವ್ಯಾಪಾರಕ್ಕೆ ಜಾಗ ಗುರುತಿಸಬೇಕು, ಎಬ್ಬಿಸುವುದಾದರೆ 30 ದಿನ ಮುಂಚೆ ನೋಟಿಸ್ ಕೊಡಬೇಕು.

ನಿಮ್ಮ ಪತ್ರ ಬಂದ ಮರುದಿನ ನಾನು ಮನೆಯಿಂದ ಬಸ್ ಸ್ಟಾಪಿಗೆ ಎಣಿಸುತ್ತಾ ಹೋದೆ. ಹತ್ತು ನಿಮಿಷದ ದಾರಿ, 11 ಸಲ ರಸ್ತೆಗೆ ಇಳಿದೆ. ಗಾಡಿಗಾಗಿ ಇಳಿದದ್ದು ಎರಡೇ ಸಲ. ಮಿಕ್ಕಿದ್ದೆಲ್ಲ ಕಾರು, ಬೈಕು, ಟ್ರಾನ್ಸ್‌ಫಾರ್ಮರ್, ಯಾರೋ ಕಟ್ಟುತ್ತಿರುವ ಮನೆಯ ಜಲ್ಲಿ ರಾಶಿ, ಎದ್ದು ಕೂತ ಚರಂಡಿ ಚಪ್ಪಡಿ, ಮರದಿಂದ ಜೋತು ಬಿದ್ದು ನೆಲದಲ್ಲಿ ಹಾವಿನ ಹಾಗೆ ಸುತ್ತಿಕೊಂಡ ಕೇಬಲ್, ಮತ್ತೆ ಎಲ್ಲಕ್ಕಿಂತ ಜಾಸ್ತಿ, ಮನೆ ಗೇಟಿನಿಂದ ಫುಟ್‌ಪಾತ್ ದಾಟಿ ರಸ್ತೆವರೆಗೂ ಇಳಿಸಿದ ಸಿಮೆಂಟ್ ರ‍್ಯಾಂಪ್. ಕಾರು ಸಲೀಸಾಗಿ ಒಳಗೆ ಹೋಗಲಿ ಅಂತ ಮಾಡಿಸಿದ್ದು. ಅದರ ಮೇಲೆ ನಡೆದರೆ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಮಂಡಿನೋವಿನವರಿಗೆ ಗೊತ್ತು ಅದರ ಕಷ್ಟ.

ಗಾಡಿಯವನಾದರೂ ರಾತ್ರಿ ಹೊರಡುತ್ತಾನೆ. ರ‍್ಯಾಂಪ್ ಹೊರಡಲ್ಲ, ಅಲ್ವಾ?

ರಸ್ತೆ ಹೇಗಿರಬೇಕು ಅಂತ ಮಾನದಂಡ ಹಾಕುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಲೆಕ್ಕದಲ್ಲಿ ಫುಟ್‌ಪಾತಿನಲ್ಲಿ ಕನಿಷ್ಠ 1.8 ಮೀಟರ್, ಅಂದರೆ ಸುಮಾರು ಆರಡಿ, ಏನೂ ಅಡ್ಡ ಇಲ್ಲದೆ ನಡೆಯಲು ಸಿಗಬೇಕು. ಎತ್ತರ 15 ಸೆಂಟಿಮೀಟರ್ ಮೀರಬಾರದು. ನಮ್ಮಲ್ಲಿ ಮಂಡಿಯೆತ್ತರದ ಫುಟ್‌ಪಾತ್ ಕಟ್ಟಿ, ಅಜ್ಜಿಯರು ಯಾಕೆ ಹತ್ತಲ್ಲ ಅಂತ ಕೇಳುತ್ತೇವೆ. ಫುಟ್‌ಪಾತ್ ಮೇಲೆ ವಾಹನ ನಿಲ್ಲಿಸಬಾರದು ಅಂತ 2017ರ ಚಾಲನಾ ನಿಯಮಗಳಲ್ಲಿ ಬರೆದೇ ಇದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಡ್ಡಿಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಅಂದಿತು.

ದೂರು ಯಾರಿಗೆ ಅಂದರೆ, ಕಾರು, ಬೈಕಿಗೆ ಸಂಚಾರ ಪೊಲೀಸರು. ಚಪ್ಪಡಿ, ರ‍್ಯಾಂಪ್, ಜಲ್ಲಿಗೆ ಪಾಲಿಕೆ. ಈಗ ಬೆಂಗಳೂರಿಗೆ ಒಂದಲ್ಲ, ಐದು ಪಾಲಿಕೆ, ಹಾಗಾಗಿ ನಿಮ್ಮ ಬೀದಿ ಯಾವುದಕ್ಕೆ ಸೇರಿದೆ ಅಂತ ಮೊದಲು ನೋಡಿಕೊಳ್ಳಿ, ಇಲ್ಲದಿದ್ದರೆ ಅರ್ಜಿ ಕಚೇರಿಯಿಂದ ಕಚೇರಿಗೆ ಸುಮ್ನೆ ತಿರುಗುತ್ತಾ ಇರುತ್ತದೆ. "ಫುಟ್‌ಪಾತ್ ಸರಿಯಿಲ್ಲ" ಅಂತ ಬರೆಯಬೇಡಿ. ಇಂಥ ಕ್ರಾಸು, ಇಂಥ ಮನೆ ಎದುರು, ಇಷ್ಟು ಅಡಿ ಅಡ್ಡ ಇದೆ ಅಂತ ಫೋಟೋ ಸಮೇತ ಬರೆಯಿರಿ. ತಾಯಿಯವರ ಜೊತೆ ಒಂದು ಸಲ ನಡೆದು ಎಣಿಸಿ. ಎಣಿಕೆ ನಿಮ್ಮ ಗೇಟಿನಿಂದಲೇ ಶುರುವಾಗಲಿ, ಬೇಜಾರು ಮಾಡ್ಕೋಬೇಡಿ.

ನಾನೂ ಹಾಗೇ ಮಾಡಿ ಸಿಕ್ಕಿಬಿದ್ದೆ. 11ರಲ್ಲಿ ಮೊದಲನೆಯದು ನಮ್ಮನೆಯದೇ. ದಾಸವಾಳದ ನಾಲ್ಕು ಕುಂಡ ಭಾನುವಾರ ಮಹಡಿ ಹತ್ತಿದವು. ರ‍್ಯಾಂಪ್ ಒಡೆಯೋಕೆ ಮೇಸ್ತ್ರಿ "ನಾಳೆ ಬರ್ತೀನಿ ಸಾರ್" ಅಂದು ಎರಡು ವಾರ ಆಯಿತು.

-ಸಂ.