ಒಂದೇ ಸಲ ಯಾಕೆ ಕಟ್ಟಲಿಲ್ಲ?

ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ 4,000 ಎಕರೆ ಇತ್ತಲ್ಲ, ಎರಡೂ ಟರ್ಮಿನಲ್, ಎರಡೂ ರನ್‌ವೇ 2008ರಲ್ಲೇ ಯಾಕೆ ಕಟ್ಟಲಿಲ್ಲ ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲೂ ಇದೇ ಪ್ರಶ್ನೆ!

ಜಾಗ ಒಂದೇ ಸಲ ಹಿಡಿದಿಟ್ಟುಕೊಳ್ಳಲೇಬೇಕು. ಆಮೇಲೆ ಸುತ್ತ ಮನೆ, ಲೇಔಟ್ ಎದ್ದರೆ ಮತ್ತೆ ಸಿಗುವುದಿಲ್ಲ. ಕಟ್ಟಡ ಹಾಗಲ್ಲ. ಜನ ಬರುವ ಮೊದಲೇ ಕಟ್ಟಿದರೆ ಸಾಲದ ಬಡ್ಡಿ, ಎಸಿ, ನಿರ್ವಹಣೆ ಎಲ್ಲ ಸುಮ್ನೆ ಓಡುತ್ತಿರುತ್ತದೆ. ಕೊನೆಗೆ ಅದು ಬರುವುದು ನಮ್ಮ ಟಿಕೆಟ್ಟಿನ ಮೇಲೇ, ಅಲ್ವಾ?

ಇನ್ನೊಂದು ವಿಷಯ, ಲೆಕ್ಕಾಚಾರ ತಪ್ಪುತ್ತದೆ. 2005ರ ಜುಲೈನಲ್ಲಿ ಕೆಲಸ ಶುರುವಾದಾಗ ವಿನ್ಯಾಸ ಇದ್ದದ್ದು ವರ್ಷಕ್ಕೆ ಸುಮಾರು 45 ಲಕ್ಷ ಪ್ರಯಾಣಿಕರಿಗೆ. ಅಷ್ಟರಲ್ಲಿ ಊರು ಎಷ್ಟು ಜೋರಾಗಿ ಬೆಳೆಯಿತೆಂದರೆ, ಕಟ್ಟುತ್ತಿರುವಾಗಲೇ ನಕ್ಷೆ ಬದಲಿಸಿ ಒಂದು ಕೋಟಿ ದಾಟುವಷ್ಟು ಮಾಡಿದರು. ಅದೂ ಸಾಲದೆ 2013ರಲ್ಲಿ ಅದೇ ಟರ್ಮಿನಲ್ ಹಿಗ್ಗಿಸಿದರು. ಎರಡನೇ ರನ್‌ವೇ ಬಂದದ್ದು 2019ರ ಡಿಸೆಂಬರ್‌ನಲ್ಲಿ. ಅದು ಬಂದಮೇಲೆ ಹಳೆಯ ರನ್‌ವೇ ಮುಚ್ಚಿ ರಿಪೇರಿ ಮಾಡಲು ಆಯಿತು. ಒಂದೇ ಇದ್ದಿದ್ದರೆ ವಿಮಾನ ಇಲ್ಲದಾಗ ಸಿಕ್ಕ ಕೆಲವೇ ಗಂಟೆಗಳಲ್ಲಿ ತೇಪೆ ಹಾಕಬೇಕಿತ್ತು.

ಟಿ2, ಅಂದರೆ ಎರಡನೇ ಟರ್ಮಿನಲ್ ಕೂಡ ಪೂರ್ತಿ ಆಗಿಲ್ಲ. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದದ್ದು ಮೊದಲ ಹಂತ, ವರ್ಷಕ್ಕೆ 2.5 ಕೋಟಿ ಜನರಿಗೆ. ಒಳಗೆ ಬಿದಿರಿನ ಚಾವಣಿ, ಮೇಲಿಂದ ಇಳಿಬಿದ್ದ ಗಿಡಗಳ ಬುಟ್ಟಿ ನೋಡಿದರೆ ಎಲ್ಲ ಮುಗಿದ ಹಾಗೇ ಕಾಣುತ್ತದೆ. ಮುಂದಿನ ಹಂತ ಇನ್ನೂ 2 ಕೋಟಿಯದ್ದು.

ಹಂತ ಹಂತವಾಗಿ ಕಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ಮೆಟ್ರೋ ಮಾತ್ರ ಮೊದಲೇ ಬರಬೇಕಿತ್ತು.